ರಕ್ಕಸತಂಗಡಿಗೆ ಹೊರಟ ಲಗೇಜ್ ಆಟೋ

ಹರಿಹರದ ಅಂಜನ್ ಕುಮಾರನ ಆ ಭಾನುವಾರ ಕೆಟ್ಟದ್ದು ಗೋಂದಿನಿಂದ. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಟ್ಯೂಬಿನೊಳಗೆ ಗೋಂದು ಒಣಗಿ ಕಲ್ಲಾಗಿತ್ತು.

ಎದುರಿಗೆ, ಬಾಗಿಲಷ್ಟಗಲದ ಹಲಗೆಯ ಮೇಲೆ ರಕ್ಕಸತಂಗಡಿ ಯುದ್ಧ ನಡೆದಿತ್ತು. ಬೆರಳುದ್ದದ ಮುನ್ನೂರು ಪ್ಲಾಸ್ಟಿಕ್ ಸೈನಿಕರು, ಹನ್ನೊಂದು ಆನೆಗಳು. ವಿಜಯನಗರದವರಿಗೆ ಕೆಂಪು ಅಂಗಿ, ಸುಲ್ತಾನರ ಕಡೆಯವರಿಗೆ ನೀಲಿ. ಗುತ್ತೂರಿನ ಹತ್ತಿರ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಅಂಜನ್, ಏಳು ತಿಂಗಳು ಭೂತಕನ್ನಡಿ ಹಿಡಿದು ಒಬ್ಬೊಬ್ಬನಿಗೂ ಮೀಸೆ ಬರೆದಿದ್ದ. ದಾವಣಗೆರೆಯ ಯುದ್ಧಮಾದರಿಗಳ ಸ್ಪರ್ಧೆಗೆ ಹನ್ನೊಂದರೊಳಗೆ ಮುಟ್ಟಿಸಬೇಕು. ಸೈನಿಕರನ್ನು ನೋಡಿದರೆ ಒಬ್ಬನೂ ಹಲಗೆಗೆ ಅಂಟಿಲ್ಲ, ಸುಮ್ಮನೆ ನಿಂತಿದ್ದಾರೆ.

"ಇವತ್ತು ಬಹುಮಾನ ಬಂದ್ರೆ ಸರಿ," ಎಂದಳು ಹೆಂಡತಿ ಶೋಭಾರಾಣಿ. "ಇಲ್ಲಾಂದ್ರೆ ನಾಳೆಯಿಂದ ಈ ಗೊಂಬಿ ಆಟ ಬಂದ್. ಏಳು ತಿಂಗ್ಳಿಂದ ನೆಂಟ್ರಿಗೆ ಬಾಗ್ಲಾಗೆ ಚಾ ಕೊಟ್ಟು ಕಳಿಸ್ತಿದೀನಿ."

ಅಂಜನ್ ಪಕ್ಕದ ಮನೆಗೆ ಓಡಿ ಗೋಂದು ಕೇಳಿದ. ಆ ಮನೆಯ ಕೆಂಚಣ್ಣ ನಿವೃತ್ತ ಬಸ್ ಕಂಡಕ್ಟರು. ಗೋಂದು ಕೊಟ್ಟು ಸುಮ್ಮನಿರುವ ಜೀವವಲ್ಲ. ಗೋಂದಿನ ಜೊತೆಗೆ ತಾವೂ ಅಂಟಿಕೊಂಡು ಬಂದರು.

"ಇದ್ರಾಗೆ ಗೆಲ್ಲೋರು ಯಾರಪ್ಪಾ?"

"ನೀಲಿಯೋರು. ಅಲ್ಲಿ ವಿಜಯನಗರ ಸೋತೈತೆ ಕೆಂಚಣ್ಣೋರೆ, ಇತಿಹಾಸ ಅದು."

"ಅಲ್ಲೋ ತಮ್ಮಾ, ನಮ್ಮೋರನ್ನ ಸೋಲ್ಸಾಕೆ ಏಳು ತಿಂಗ್ಳು ಬೇಕಾತಾ ನಿಂಗೆ?"

ಮಾತು ಕೇಳಿ ಎದುರು ಮನೆಯ ದುರುಗಮ್ಮಜ್ಜಿಯೂ ಬಂದಳು. "ಇಷ್ಟು ಜನಕ್ಕೆ ಅಡುಗಿ ಮಾಡೋರು ಒಬ್ರೂ ಕಾಣ್ವಲ್ರು," ಎಂದು ಮರುಗಿದಳು. ಹಸಿದವರು ಯಾಕೆ ಹೊಡೆದಾಡುತ್ತಾರೆ ಎಂಬ ಚರ್ಚೆಯಲ್ಲೇ ಗಂಟೆ ಹತ್ತಾಯಿತು. ಅಷ್ಟರಲ್ಲಿ ಮೊದಲೇ ಗೊತ್ತು ಮಾಡಿದ್ದ ಜಮಾಲ್ ಸಾಬರ ಲಗೇಜ್ ಆಟೋ ಬಂದು ಹಾರ್ನ್ ಹೊಡೆಯಿತು.

"ದಾರ್ಯಾಗೆ ಅಂಟಿಸಿದ್ರಾತು, ನಡಿ," ಎಂದು ಕೆಂಚಣ್ಣ ಹಲಗೆಯೊಂದಿಗೆ ಹಿಂದೆ ಹತ್ತಿಬಿಟ್ಟರು. ದಾವಣಗೆರೆಯಲ್ಲಿ ಮಗಳ ಮನೆಯಿದ್ದ ದುರುಗಮ್ಮಜ್ಜಿಯೂ ಹತ್ತಿದಳು. ಹಿಂದೆ ಜಾಗವಿಲ್ಲದೆ, ಯುದ್ಧದ ಯಜಮಾನ ಮುಂದೆ ಜಮಾಲ್ ಸಾಬರ ಪಕ್ಕ ಮುದುಡಿ ಕೂತ.

ಜಮಾಲ್ ಸಾಬ್ ಮದುಮಗಳನ್ನು ಕರೆದೊಯ್ಯುವಂತೆ ಜೋಪಾನವಾಗಿಯೇ ಓಡಿಸುತ್ತಿದ್ದರು. ಆದರೆ ಅರ್ಧ ದಾರಿಯಲ್ಲಿ ಒಂದು ಎಮ್ಮೆ ರಸ್ತೆಗೆ ಬಂದು ನಿಂತಿತು. ಬ್ರೇಕ್ ಬಿತ್ತು. ಮುನ್ನೂರು ವೀರರು ಒಟ್ಟಿಗೇ ಆಕಾಶಕ್ಕೆ ಹಾರಿ, ಮಂಡಕ್ಕಿ ಚೆಲ್ಲಿದಂತೆ ಚೆಲ್ಲಾಡಿದರು. ಆನೆಗಳು ದುರುಗಮ್ಮಜ್ಜಿಯ ಮಡಿಲಿಗೆ ಬಂದವು.

"ಅಯ್ಯೋ, ನಿಲ್ಸ್ರಿ, ನಿಲ್ಸ್ರಿ!" ಅಂಜನ್ ಕೂಗಿದ.

"ನಿಲ್ಸಬ್ಯಾಡ್ರಿ ಸಾಬ್ರೆ, ಟೈಮಾಗೈತೆ!" ಹಿಂದಿನಿಂದ ಕೆಂಚಣ್ಣನ ದನಿ. "ನೀ ಸುಮ್ನೆ ಮುಂದೆ ನೋಡೋ. ಇಲ್ಲಿ ನಾವದೀವಿ."

ದಾವಣಗೆರೆಯ ಸಭಾಂಗಣದ ಮುಂದೆ ಇಳಿದವನೇ ಅಂಜನ್ ಆಟೋದ ಹಿಂದಕ್ಕೆ ಓಡಿ ನೋಡಿದ. ಕೆಂಪು, ನೀಲಿ ಎಲ್ಲ ಕಲೆತು, ಮುನ್ನೂರು ಸೈನಿಕರೂ ಒಂದೇ ದಿಕ್ಕಿಗೆ ಮುಖ ಮಾಡಿ ಹೊರಟಿದ್ದರು.

"ಇದೇನ್ರಿ ಇದು?"

"ನಮ್ಮೋರು ಅಟ್ಟಿಸ್ಕಂಡು ಹೋಗ್ತಾರ, ಅವ್ರು ಓಡ್ತಾರ. ಇಬ್ರದೂ ಮುಖ ಒಂದೇ ಕಡಿ ತಾನೆ?" ಎಂದರು ಕೆಂಚಣ್ಣ ಹೆಮ್ಮೆಯಿಂದ. "ಕನ್ನಡಕ ಮನ್ಯಾಗೆ ಬಿಟ್ಟು ಬಂದಿದ್ದೆ. ಬಣ್ಣ ಒಂಚೂರು ಹೆಚ್ಚುಕಮ್ಮಿ ಆಗಿರಬೌದು."

ಅಂಜನ್ ಒಬ್ಬ ಸೈನಿಕನನ್ನು ಹಿಡಿದು ಎಳೆದ. ಸೈನಿಕ ಬಂದ, ಕಾಲು ಹಲಗೆಯಲ್ಲೇ ಉಳಿಯಿತು. ಕೆಂಚಣ್ಣನ ಗೋಂದು ಅಂಥದ್ದು. ಬೇರೆ ದಾರಿ ಕಾಣದೆ ಹಲಗೆಯನ್ನು ಹಾಗೇ ಒಳಗೆ ಸಾಗಿಸಿದರು.

ತೀರ್ಪುಗಾರ್ತಿ ಶಾಂತಲಾ, ಇತಿಹಾಸದ ಉಪನ್ಯಾಸಕಿ. ಹಲಗೆಯ ಮುಂದೆ ನಿಂತರು. ಬಗ್ಗಿ ನೋಡಿದರು, ಸುತ್ತು ಹಾಕಿದರು. ಹುಬ್ಬು ಗಂಟಾಯಿತು.

"ಎರಡೂ ಸೈನ್ಯ ಸೇರಿ ಒಂದೇ ಕಡೆ ಹೊರಟಿವೆ. ಯಾರ ಕೆಲಸ ಇದು?"

ಅಂಜನ್‌ಗೆ ಊರ ತುಂಬ ಮರ್ಯಾದೆ ಹೋಗುವ ಗಳಿಗೆ ಇದೇ ಎನಿಸಿತು.

"ದೇವರಾಣೆ ನಂದಲ್ಲ ಮೇಡಂ!" ಎಂದ. "ಇವ್ರದು. ಕೆಂಚಣ್ಣ ಅಂತ. ಹೆಸ್ರು ಬರ್ಕೊಳ್ರಿ. ನಂಗೂ ಇದಕ್ಕೂ ಸಂಬಂಧನೇ ಇಲ್ಲ."

ಶಾಂತಲಾ ಬರೆದುಕೊಂಡರು.

ಮೂರು ಗಂಟೆಗೆ ಮೈಕಿನಲ್ಲಿ ಅವರದೇ ದನಿ ಕೇಳಿತು. "ಸೋತವರು, ಗೆದ್ದವರು ಎಂಬ ಭೇದವಿಲ್ಲದೆ ಎರಡೂ ಕಡೆಯವರು ಯುದ್ಧ ಬಿಟ್ಟು ಒಟ್ಟಿಗೆ ಮನೆಗೆ ಹೊರಟಿದ್ದಾರೆ. ಇಷ್ಟು ವರ್ಷಗಳಲ್ಲಿ ಇಂಥ ಕಲ್ಪನೆ ನಾನು ನೋಡಿಲ್ಲ. ಮೊದಲ ಬಹುಮಾನ, ಹರಿಹರದ ಶ್ರೀ ಕೆಂಚಣ್ಣ!"

ಚಪ್ಪಾಳೆಯ ನಡುವೆ ಅಂಜನ್ ಚೇರು ಕೆಡವಿಕೊಂಡು ಎದ್ದ. "ಮೇಡಂ, ಅದು ನಂದು! ಏಳು ತಿಂಗ್ಳು..."

"ದೇವರ ಮೇಲೆ ಆಣೆ ಇಟ್ಟವರು ನೀವೇ ಅಲ್ವಾ?" ಎಂದು ಶಾಂತಲಾ ಕೇಳಿದರು. ಸಭೆ ನಕ್ಕಿತು. ಅಂಜನ್ ಕೂತ.

ಸಂಜೆ ಆಟೋದ ಮುಂದಿನ ಸೀಟಿನಲ್ಲಿ ಹಾರ ಹಾಕಿಕೊಂಡ ಕೆಂಚಣ್ಣ ಕೂತಿದ್ದರು. ಹಿಂದೆ ಹಲಗೆಯ ಪಕ್ಕದಲ್ಲಿ ಅಂಜನ್. ಅವನ ತೊಡೆಯ ಮೇಲೆ ಬಹುಮಾನವಾಗಿ ಬಂದ ಭಾರವಾದ ಪೆಟ್ಟಿಗೆ. ಒಳಗೆ ಬಣ್ಣ ಕಾಣದ ಸಾವಿರ ಸೈನಿಕರು.

"ಬೇಜಾರು ಮಾಡ್ಕಬ್ಯಾಡ ತಮ್ಮಾ," ಕೆಂಚಣ್ಣ ಹಿಂದಕ್ಕೆ ತಿರುಗಿ ಸಮಾಧಾನ ಹೇಳಿದರು. "ಮುಂದಿನ ವರ್ಷ ಕುರುಕ್ಷೇತ್ರನೇ ಮಾಡೋಣ. ಪೆಟ್ಟಿಗಿ ನಿಮ್ಮನ್ಯಾಗೇ ಇಟ್ಕ. ನೀ ನಿಧಾನಕ್ಕೆ ಬಣ್ಣ ಹಚ್ಚಿ ನಿಲ್ಸು. ಕೊನೀ ದಿನ ನಾ ಬಂದು ಎಲ್ರನ್ನೂ ತಿರುಗಿಸ್ತೀನಿ."