ತನಗೆ ತಾನೇ ಸಹಿ ಹಾಕಿಕೊಂಡ ಕಾಕಾ

ನಮ್ಮ ಕಾಕಾನಷ್ಟು ಅನುಮಾನದ ಪ್ರಾಣಿ ಹಾನಗಲ್ ತಾಲೂಕಿನಲ್ಲಿ ಇನ್ನೊಂದಿಲ್ಲ. ಬೇಕಾದರೆ ಪಣ ಕಟ್ಟುತ್ತೇನೆ! ಶಿಗ್ಗಾಂವಿಯ ಬಸ್ಸು ಹತ್ತುವ ಮೊದಲು ಬೋರ್ಡು ಓದುತ್ತಾನೆ, ಕಂಡಕ್ಟರನನ್ನು ಕೇಳುತ್ತಾನೆ, ಕುಳಿತ ಮೇಲೆ ಪಕ್ಕದವರನ್ನು ಕೇಳುತ್ತಾನೆ. ಬಂಕಾಪುರ ದಾಟಿದ ಮೇಲೂ "ಇದು ಶಿಗ್ಗಾಂವಿಗೇ ಹೊಂಟೈತೇನ್ರಿ?" ಎನ್ನುವವನನ್ನು ಏನು ಮಾಡುವುದು? ಇಂಥವನಿಗೆ ಬಿದ್ದ ಕೆಲಸ ಯಾವುದು ಗೊತ್ತೇ? ಉಳಿದವರೆಲ್ಲ ಅಸಲಿ ಎಂದು ಖಾತ್ರಿ ಕೊಡುವುದು!

ನಮ್ಮದು ಗೋವಿನಜೋಳ ಬೆಳೆಗಾರರ ಸಹಕಾರ ಸಂಘ. ಮುಖ್ಯ ಕಚೇರಿ ಹಾನಗಲ್ಲಿನಲ್ಲಿ. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಶಾಖೆಗಳು. ಒಂದೊಂದು ಊರಿಗೆ ಒಂದೊಂದು ಸರ್ವರ್. ನಾನು ಕಚೇರಿಯಲ್ಲಿ ಟೈಪಿಸ್ಟ್. ಕಂಪ್ಯೂಟರ್ ವಿಭಾಗ ಎಂದರೆ ನಮ್ಮಪ್ಪನ ತಮ್ಮ, ಈ ಕಾಕಾ ಒಬ್ಬನೇ. ನಾವು ಹಾನಗಲ್ಲಿನಲ್ಲಿ ಕುಳಿತು ಸವಣೂರಿನ ಸರ್ವರಿಗೆ ಪಾಸ್‌ವರ್ಡ್ ಕೊಡುವಾಗ, ಆ ಕಡೆ ಇರುವುದು ಸವಣೂರಿನದೇ, ವೇಷ ಹಾಕಿದ ಇನ್ನಾರೋ ಅಲ್ಲ ಎಂದು ತಿಳಿಯುವುದು ಹೇಗೆ? ಅದಕ್ಕೆ ಸರ್ವರ್ ಹತ್ತಿರ ಒಂದು ಸರ್ಟಿಫಿಕೇಟ್ ಇರಬೇಕು, ಅದರ ಮೇಲೆ ನಂಬಿಕಸ್ಥರ ಸಹಿ ಇರಬೇಕು. ಜಗತ್ತಿಗೆಲ್ಲ ಸಹಿ ಹಾಕುವ ದೊಡ್ಡ ಸಂಸ್ಥೆಗಳಿವೆ. ನಮ್ಮ ಸಂಘದ ಒಳಗಿನ ವ್ಯವಹಾರಕ್ಕೆ ನಾನೇ ಸಾಕು ಎಂದು ಕಾಕಾ ತನ್ನದೇ ಒಂದು ಪ್ರಾಧಿಕಾರ ಸ್ಥಾಪಿಸಿಬಿಟ್ಟ. ನಾಲ್ಕೂ ಊರು ತಿರುಗಿ, ಪ್ರತಿ ಕಂಪ್ಯೂಟರಿನ ನಂಬಿಕಸ್ಥರ ಪಟ್ಟಿಯಲ್ಲಿ ತನ್ನ ಹೆಸರು ಸೇರಿಸಿ ಬಂದ.

ಅಧ್ಯಕ್ಷರು ಸುಮ್ಮನಿರುತ್ತಾರೆಯೇ? "ಎಲ್ಲಾರಿಗೂ ನೀವು ಸಹಿ ಹಾಕ್ತೀರಿ. ನಿಮಗ ಯಾರು ಹಾಕ್ಯಾರ?"

"ನನಗ ನಾನ ಹಾಕ್ಕೊಂಡೇನ್ರಿ."

"ಇದೆಂಥಾ ನ್ಯಾಯ್ರಿ!"

"ಬುಡಕ್ಕ ಹೋಗಿ ನೋಡ್ರಿ, ಯಾವನರ ಒಬ್ಬ ತನಗ ತಾನ ದೊಡ್ಡಾವ ಅಂತ ಸಹಿ ಹಾಕ್ಕೊಂಡಿರ್ತಾನ."

ಅವಿರೋಧವಾಗಿ ಆಯ್ಕೆಯಾಗುತ್ತ ಬಂದಿದ್ದ ಅಧ್ಯಕ್ಷರಿಗೆ ಈ ಮಾತು ತಮಗೇ ಹೇಳಿದ್ದೆನಿಸಿತು. ಅಂದಿನಿಂದ ಕಾಕಾನನ್ನು ಕಂಡರೆ ಅವರು ಮುಖ ತಿರುಗಿಸುತ್ತಿದ್ದರು.

ಸಹಿ ಹಾಕುವ ಕೀಲಿ, ಅಂದರೆ ಪಾಸ್‌ವರ್ಡ್ ಇಲ್ಲದೆ ತೆರೆಯದ ಒಂದು ಗುಪ್ತ ಫೈಲು, ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ. ಅದಕ್ಕೆ ಇಂಟರ್‌ನೆಟ್ಟಿನ ಗಾಳಿಯೂ ಸೋಕಬಾರದು. ತೀರಿಕೊಂಡ ಹೆಂಡತಿ, ನಮ್ಮ ಚಿಗವ್ವ, ಹೊಲಿದ ಕೌದಿಯಲ್ಲಿ ಸುತ್ತಿ, ಮನೆಯ ಟ್ರಂಕಿನಲ್ಲಿ ಇಟ್ಟಿದ್ದ. ವರ್ಷಕ್ಕೊಮ್ಮೆ ಸರ್ಟಿಫಿಕೇಟುಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು ಹೊರಗೆ ತೆಗೆಯುತ್ತಿದ್ದ. ಎಲ್ಲರನ್ನೂ ಆಚೆ ಕಳಿಸಿ, ಕಿಟಕಿ ಮುಚ್ಚಿ, ಕೈಮೇಲೆ ಟವೆಲ್ ಹೊದ್ದುಕೊಂಡು ಪಾಸ್‌ವರ್ಡ್ ಒತ್ತುತ್ತಿದ್ದ. ಖಾಲಿ ಕೋಣೆಯಲ್ಲಿ ಟವೆಲ್ ಯಾರಿಗಾಗಿಯೋ!

ನಮಗೂ ಪಾಠ ತಪ್ಪಲಿಲ್ಲ. "ಹೆಂಡ್ತಿ ಹೆಸರು, ಮಕ್ಕಳ ಹೆಸರು ಪಾಸ್‌ವರ್ಡ್ ಇಟ್ಟವ್ರ ಕೀಬೋರ್ಡ್ ಕಸ್ಕೊಂಡ್ ಹೋಗ್ತೇನಿ!" ಬರೀ ಬಾಯಿಮಾತಲ್ಲ. ಹಿರೇಕೆರೂರಿನ ಮ್ಯಾನೇಜರು ಹೆಂಡತಿಯ ಹೆಸರಿಟ್ಟು ಸಿಕ್ಕಿಬಿದ್ದಾಗ, ಅವರ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಹಾನಗಲ್ಲಿನ ತನಕ ಬಸ್ಸಿನಲ್ಲಿ ಬಂದ.

ಸವಣೂರಿನವರದು ಇನ್ನೊಂದು ಕತೆ. ಹಾನಗಲ್ಲಿನಿಂದ ಹೊಸ ಸರ್ವರ್ ಕಳಿಸಿದೆವು. ಅವರು ಆರತಿ ಬೆಳಗಿ ಒಳಗೆ ತಂದರು, ಅಲ್ಲಿಯವರೆಗೆ ಸರಿ. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದುಂಟು. ನನ್ನದನ್ನೂ ಬದಲಿಸಿದ್ದಾರೆ, ಅದಿರಲಿ. ಇವರು ಅದೇ ಉಮೇದಿನಲ್ಲಿ ಸರ್ವರಿಗೂ ಹೊಸ ಹೆಸರಿಟ್ಟರು! ಸರ್ಟಿಫಿಕೇಟಿನಲ್ಲಿರುವುದು ಹಳೆಯ ಹೆಸರು. ಪರದೆ ಕೆಂಪಾಗಿ 'ಇದನ್ನು ನಂಬಬೇಡಿ' ಎಂದಿತು. ಅವರೆಲ್ಲ ಮೂರು ವಾರ 'ಪರವಾಗಿಲ್ಲ, ಮುಂದುವರಿಸಿ' ಒತ್ತುತ್ತ ಆರಾಮಾಗಿದ್ದರು.

ಕಾಕಾ ಹೋಗಿ ಕೂಗಾಡಿದ. ಮ್ಯಾನೇಜರು ನಕ್ಕರು: "ಮನಿಗೆ ಬಂದ ಸೊಸಿಗೆ ಹೆಸರಿಡಬಾರದೇನ್ರಿ? ಹೊಸ ಹೆಸರಿಗೆ ಇನ್ನೊಂದು ಸಹಿ ಒಗೀರಿ, ಮುಗೀತು."

"ಹುಟ್ಟಿದ ಹೆಸರು ತಿರುಗಿ ಇಡ್ರಿ. ಇಲ್ಲಂದ್ರ ಸಹಿ ಇಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ಮಾತ್ರ ನಗಲಿಲ್ಲ, ಹೆಸರು ಬದಲಾಗುವ ತನಕ ಕುರ್ಚಿ ಬಿಟ್ಟು ಏಳಲೂ ಇಲ್ಲ.

ನಿವೃತ್ತಿಯ ದಿನ ಬಂತು. ಮುಂದಿನ ಕೆಲಸ ಅಧ್ಯಕ್ಷರ ಅಳಿಯನ ಕಂಪನಿಗೆ. ಬೇರೆ ಯಾರಿಗೆ ಸಿಗಬೇಕು ಹೇಳಿ! ಕೀಲಿಯ ಪಾಸ್‌ವರ್ಡ್ ಕೊಡಿ ಎಂದರು. "ನಿಮ್ದು ಹೊಸಾದ್ ಮಾಡ್ಕೋರ್ರಿ, ನಾನ ಕುಂತು ಕಲಿಸ್ತೇನಿ. ಇದನ್ನ ಕೊಡಂಗಿಲ್ಲ," ಎಂದ ಕಾಕಾ. ಸಂಘವನ್ನೇ ಮುಷ್ಟಿಯಲ್ಲಿಟ್ಟುಕೊಂಡಿದ್ದಾನೆ ಎಂದು ಸಭೆಯಲ್ಲಿ ಗದ್ದಲವಾಯಿತು. ಸನ್ಮಾನ ರದ್ದಾಯಿತು. ಅವನಿಗೆಂದು ತಂದ ಶಾಲನ್ನು ಅಳಿಯನಿಗೆ ಹೊದಿಸಿದರು, ಶಾಲು ದಂಡವಾಗಬಾರದಲ್ಲ! ನಾಲ್ಕೂ ಊರಿನ ಕಂಪ್ಯೂಟರುಗಳಿಂದ ಅವನ ಹೆಸರು ಕಿತ್ತು, ಗೋಡೆಗೆ ನೋಟಿಸು ಅಂಟಿಸಿದರು: 'ಸದರಿಯವರಿಗೂ ಸಂಘಕ್ಕೂ ಸಂಬಂಧ ಇರುವುದಿಲ್ಲ. ಇವರನ್ನು ಯಾರೂ ನಂಬತಕ್ಕದ್ದಲ್ಲ.'

ಟೈಪು ಮಾಡಿದವಳು ನಾನು. ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಡುಗಲಿಲ್ಲ. ನೌಕರಿ ನೋಡಿ!

ಆ ಭಾನುವಾರ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ನನ್ನನ್ನು ನೋಡಿದವನೇ, "ನೋಟಿಸ್ ಓದಿದೆ. ಒಂದೂ ತಪ್ಪಿಲ್ಲ. ನೀನ ಟೈಪ್ ಮಾಡೀದಿ ಅಂತ ಗೊತ್ತಾತು," ಎಂದ. ನಾನು ನೆಲ ನೋಡಿದೆ.

"ನನ್ನ ಹೆಸರು ಎಲ್ಲಾ ಕಡೆ ತಗದಾರೇನು?"

"ಹೂಂ ಕಾಕಾ."

"ಹಂಗಾರ ಈ ಕೀಲಿ ಇನ್ನ ಯಾ ಬಾಗಲಕ್ಕೂ ಹತ್ತಂಗಿಲ್ಲ. ಬಾ ಇಲ್ಲೆ."

ಕೌದಿ ಬಿಚ್ಚಿದ. ಈ ಸಲ ಟವೆಲ್ ಇರಲಿಲ್ಲ. ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತ ಒತ್ತಿದ. ಅದೊಂದು ಹೆಣ್ಣುಮಗಳ ಹೆಸರು. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇಲ್ಲ.

"ಯಾರಿದು ಕಾಕಾ?"

"ನಿಮ್ಮ ಚಿಗವ್ವ. ಮದಿವ್ಯಾಗ ನಿಮ್ಮಜ್ಜಿ ನನ್ನ ಕೈಲೇನ ತಾಟಿನ ಅಕ್ಕ್ಯಾಗ ಬ್ಯಾರೆ ಹೆಸರು ಬರಿಸಿದ್ಲು. ಆಮ್ಯಾಲೆ ಆಕಿನ್ನ ಈ ಹೆಸರ್ಲೆ ಯಾರೂ ಕರೀಲಿಲ್ಲ. ಕರೀರಿ ಅಂತ ಆಕಿ ಒಮ್ಮೆ ಕೇಳಿದ್ಲು. ನಾನೂ ಕರೀಲಿಲ್ಲ." ಕೌದಿ ಮಡಚತೊಡಗಿದ. "ಆಕಿ ತವರಮನ್ಯಾಗೂ ಈಗ ಯಾರೂ ಉಳದಿಲ್ಲ. ಅಧ್ಯಕ್ಷರಿಗೆ ಹೆಂಗ ಕೊಡ್ಲಿ, ಹೇಳು?"

ಹಿರೇಕೆರೂರಿನ ಕೀಬೋರ್ಡಿನ ಮಾತೆತ್ತಿ ಅಣಕಿಸಬೇಕೆಂದಿದ್ದೆ. ಆಗಲಿಲ್ಲ. ಯಾರನ್ನೂ ನಂಬದ ನಮ್ಮ ಕಾಕಾ, ನೋಟಿಸು ಟೈಪು ಮಾಡಿದ ನನ್ನ ಮುಂದೆ ಆ ಹೆಸರು ಇಟ್ಟಿದ್ದ.

ಅವನು ಎದ್ದು ಹೋಗಿ ಕಿಟಕಿ ತೆರೆದ.

"ಒಮ್ಮೆ ಕರಿ ಮಗಳ," ಎಂದ. "ಜೋರ್ಲೆ ಕರಿ."

ಕರೆದೆ.