ಹೊಟ್ಟೆಯಿಲ್ಲದ ಡ್ರಮ್ಮುಗಳು

ನಮ್ಮ ಮನೆಯಲ್ಲಿ ಶ್ರುತಿ ಸೇರದೆ ಉಳಿದಿರುವುದು ಎರಡೇ: ಒಂದು ಕುಕ್ಕರಿನ ಸೀಟಿ, ಇನ್ನೊಂದು ನಾನು. ಇದು ನನ್ನ ಅಭಿಪ್ರಾಯವಲ್ಲ, ನನ್ನ ಧರ್ಮಪತ್ನಿ ಸುಪ್ರಜಾಳ ತೀರ್ಪು. ಎನ್.ಆರ್. ಕಾಲೋನಿಯ ನಮ್ಮ ಮನೆಯ ವರಾಂಡದಲ್ಲಿ ಆಕೆ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಬೀದಿಯಲ್ಲಿ ಸೊಪ್ಪಿನವನು ಕೂಗಿದರೆ, "ಪಾಪ, ಇವತ್ತು ಅರ್ಧ ಸ್ವರ ಇಳಿದಿದೆ, ನೆಗಡಿ ಇರ್ಬೇಕು" ಎನ್ನುವ ಕಿವಿ ಅವಳದು. ಇಂಥವಳ ಗಂಡನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಡ್ರಮ್ಮಿನ ಹುಚ್ಚು ಹಿಡಿಯಿತೆಂದರೆ ಗ್ರಹಚಾರವಲ್ಲದೆ ಇನ್ನೇನು?

ಹುಚ್ಚು ಹಳೆಯದೇ. ಕಾಲೇಜಿನಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಡ್ರಮ್ಮರ್ ರವಿಕುಮಾರ್. ಅವನ ಡ್ರಮ್ ಸೆಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಮೂರು ರೋಟೋಟಾಮ್‌ಗಳು ಕೂತಿದ್ದವು. ರೋಟೋಟಾಮ್ ಎಂದರೆ ಹೊಟ್ಟೆಯೇ ಇಲ್ಲದ ಡ್ರಮ್ಮು. ಬಿಗಿದ ಮುಖ, ಕೆಳಗೆ ಕಬ್ಬಿಣದ ಕಡ್ಡಿಗಳು, ನಡುವೆ ಒಂದು ತಿರುಪು, ಅಷ್ಟೇ. ಬಲಕ್ಕೆ ತಿರುಗಿಸಿದರೆ ಸ್ವರ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ರವಿ ಒಂದು ಕೈಯಲ್ಲಿ ಬಾರಿಸುತ್ತಲೇ ಇನ್ನೊಂದು ಕೈಯಲ್ಲಿ ತಿರುಗಿಸಿದನೆಂದರೆ "ಡುಂಯ್ಯ್!" ಎಂದು ನಾದ ಮೇಲಕ್ಕೇರುತ್ತಿತ್ತು, ಹುಡುಗಿಯರ ಕಡೆಯಿಂದ ಚಪ್ಪಾಳೆ ಬೀಳುತ್ತಿತ್ತು. ನಾನು ಅವನ ಹಿಂದೆ ನಿಂತು ಗಿಲಕಿ ಅಲ್ಲಾಡಿಸುತ್ತಿದ್ದೆ. (ಬಲ್ಲವರು ಅದನ್ನು ಮರಾಕಾಸ್ ಎನ್ನುತ್ತಾರೆ. ಏನೆಂದರೂ ಅದು ತೊಟ್ಟಿಲ ಕೂಸು ಆಡಿಸುವ ಗಿಲಕಿಯೇ.) "ಒಂದ್ಸಲ ಬಾರಿಸ್ಲೇನೋ?" ಎಂದು ಕೇಳಿದರೆ, "ಬೇಡ ಗುರು, ನಿನ್ ಕೈ ಗಿಲಕಿಗೇ ಸೆಟ್ ಆಗಿರೋದು" ಎನ್ನುತ್ತಿದ್ದ. ಹೊಟ್ಟೆ ಉರಿದುಹೋಗುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ಒಂದು ಸಲ ವೇದಿಕೆಯ ಮುಂದುಗಡೆ ಕೂತು, ಎಲ್ಲರೆದುರು ಡುಂಯ್ಯ್ ಎನ್ನಿಸಲೇಬೇಕು ಎಂದು ಅಂದೇ ನಿಶ್ಚಯಿಸಿದ್ದೆ.

ಈಗ ಇಂಥವು ಸುಲಭಕ್ಕೆ ಸಿಗುವುದಿಲ್ಲ. ಚಿಕ್ಕದು ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಒಬ್ಬಾತ ಅದರ ಮೇಲೆ ತುಕ್ಕು ಹಿಡಿದ ಬೀಗಗಳನ್ನು ಹರವಿಕೊಂಡು ಕೂತಿದ್ದ. ನಡುವಿನದು ಮಾವಳ್ಳಿಯ ಒಂದು ಮನೆಯ ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳವಾಗಿ ಕಾಲ ಹಾಕುತ್ತಿತ್ತು. ದೊಡ್ಡದಕ್ಕಾಗಿ ಊರೆಲ್ಲ ಅಲೆದೆ. ಕೊನೆಗೆ ಅದು ಸಿಕ್ಕಿದ್ದು ರವಿಕುಮಾರನ ಬಳಿಯೇ! ಅವನೀಗ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟುಕೊಂಡಿದ್ದಾನೆ.

"ತಗೊಂಡ್ಹೋಗು ಮಗಾ, ಭುಜ ನೋವು, ನನ್ ಕೈಲಿ ಇನ್ನಾಗಲ್ಲ" ಎಂದು ಡ್ರಮ್ಮನ್ನು ಚೀಲಕ್ಕೆ ಹಾಕಿದವನು, ಮೇಲೊಂದು ಹಳೆಯ ಗಿಲಕಿಯನ್ನೂ ಹಾಕಿದ. "ಇದೂ ಇಟ್ಕೋ. ನಿಂದೇ ಇದು." ಮೈ ಉರಿದುಹೋಯಿತು. ಆದರೂ ಚೀಲ ಹೊತ್ತು ಆಟೋ ಹತ್ತಿದೆ.

ಮನೆಯಲ್ಲಿ ಮಂಗಳಾರತಿ ಸಿದ್ಧವಾಗಿತ್ತು.

"ಇದೇನ್ರೀ, ತಳಾನೇ ಇಲ್ಲ? ಮೋಸ ಹೋಗ್ಬಂದ್ರಾ?"

"ಅದು ಇರೋದೇ ಹಾಗೆ ಕಣೇ. ವಿಂಟೇಜು."

"ವಿಂಟೇಜೋ, ವೇಸ್ಟೇಜೋ! ಮೊದಲಿನ ಎರಡಕ್ಕೇ ಮಂಚದಡಿ ಜಾಗ ಇಲ್ಲ."

ನನ್ನ ಪರವಾಗಿ ನಿಂತವರು ಅಮ್ಮ ಒಬ್ಬರೇ. ಎಂಬತ್ತರ ಅಂಬುಜಮ್ಮನವರು ದೊಡ್ಡ ಡ್ರಮ್ಮಿನ ಮುಖ ಸವರಿ, "ಒಳ್ಳೇ ಬಿಗಿಯಾಗಿದೆ ಕಣೋ ಶ್ರೀಹರಿ. ಅರಳು ಸಂಡಿಗೆ ಹಾಕಕ್ಕೆ ಹೇಳ್ಮಾಡ್ಸಿದ್ದು" ಎಂದರು. ಅಂದಿನಿಂದ ನಾನು ಆಫೀಸಿಗೆ ಹೋದ ಮೇಲೆ ನನ್ನ ಕನಸುಗಳು ಮಹಡಿಯ ಬಿಸಿಲಿನಲ್ಲಿ ಸಂಡಿಗೆ ಹೊತ್ತು ಮಲಗುತ್ತಿದ್ದವು. ಸಂಡಿಗೆ ಒಣಗಿತೋ ಇಲ್ಲವೋ ನೋಡಲು ಅಮ್ಮ ಡ್ರಮ್ಮನ್ನು ಆಗಾಗ ತಟ್ಟುತ್ತಿದ್ದರಂತೆ. ಅದಕ್ಕೆ ನಾನು ಆಗ ತಲೆ ಕೆಡಿಸಿಕೊಳ್ಳಲಿಲ್ಲ.

ಸಂಜೆ ನಾನು ಬಾರಿಸಲು ಕೂತರೆ ಸುಪ್ರಜಾ ಕಿವಿ ಮುಚ್ಚಿಕೊಂಡು ಬರುತ್ತಿದ್ದಳು. "ಬಾರಿಸ್ಬೇಡಿ ಅನ್ನಲ್ಲ. ಶ್ರುತಿ ಸೇರ್ಸಿ ಬಾರಿಸಿ. ಮಕ್ಕಳು ಪಂಚಮ ಅಂದ್ಕೊಂಡು ಅದನ್ನೇ ಹಿಡೀತಿದಾರೆ!" ಕೊನೆಗೆ ಅವಳೇ ಒಂದು ಭಾನುವಾರ ಶ್ರುತಿಪೆಟ್ಟಿಗೆ ಹಚ್ಚಿಟ್ಟು, ಮೂರನ್ನೂ ತಿರುಗಿಸಿ ತಿರುಗಿಸಿ, ಷಡ್ಜ, ಪಂಚಮ, ಮೇಲಿನ ಷಡ್ಜಕ್ಕೆ ಕೂರಿಸಿದಳು. ಅವಳ ಮುಖವೂ ಸ್ವಲ್ಪ ಅರಳಿತು. ಇದೇ ಸಮಯವೆಂದು ವಿಷಯ ಎತ್ತಿದೆ. ನಮ್ಮ ರಸ್ತೆಯ ಗಣೇಶೋತ್ಸವದಲ್ಲಿ ಅವಳ ಹಾಡು, ನನ್ನ ಡ್ರಮ್ಮು. ಅವಳು ಒಪ್ಪಿದಳು! ಸಮಿತಿಯ ದೊಡ್ಡಬೈರಪ್ಪನವರು "ಶ್ರೀಹರಿ ಮತ್ತು ತಂಡ" ಎಂದು ಬ್ಯಾನರನ್ನೇ ಬರೆಸಿಬಿಟ್ಟರು. ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಹೋಗಿ ಅದನ್ನು ಎರಡೆರಡು ಸಲ ನೋಡಿ ಬಂದೆ.

ಆ ದಿನ ಬಂತು. ರೇಷ್ಮೆ ಜುಬ್ಬಾ ತೊಟ್ಟು ವೇದಿಕೆಯ ಮುಂದುಗಡೆಯೇ ಕೂತೆ. ಮೊದಲ ಸಾಲಿನಲ್ಲಿ ಅಮ್ಮ, ಅವರ ಪಕ್ಕದಲ್ಲಿ ನಾನೇ ಹೊಟ್ಟೆ ಉರಿಸಬೇಕೆಂದು ಕರೆದಿದ್ದ ರವಿಕುಮಾರ್. ಮೊದಲ ಹಾಡು ಸೊಗಸಾಗಿ ಆಯಿತು. ಎರಡನೆಯದರ ಹೊತ್ತಿಗೆ ಪೆಂಡಾಲಿನ ದೀಪಗಳ ಕಾವಿಗೆ ಡ್ರಮ್ಮುಗಳ ಮುಖ ಸಡಿಲವಾಗಿ ಸ್ವರ ಇಳಿಯತೊಡಗಿತು. ಹಾಡುತ್ತಲೇ ಸುಪ್ರಜಾ ನನ್ನತ್ತ ತಿರುಗಿ ಎಡಹುಬ್ಬು ಏರಿಸಿದಳು.

ಇಲ್ಲಿ ಓದುಗರು, ಮುಖ್ಯವಾಗಿ ವಿವಾಹಿತ ಪುರುಷರು, ದಯವಿಟ್ಟು ನನ್ನ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಬೇಕು. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಆ ಹುಬ್ಬಿಗೆ ಇರುವುದು ಒಂದೇ ಅರ್ಥ: "ದನಿ ತಗ್ಗಿಸಿ." ನೆಂಟರ ಮುಂದಾಗಲಿ, ಛತ್ರದ ಊಟದ ಪಂಕ್ತಿಯಲ್ಲಾಗಲಿ ಹುಬ್ಬು ಏರಿದರೆ ನಾನು ಇಳಿಯುತ್ತೇನೆ. ಅದೇ ಅಭ್ಯಾಸಬಲದಿಂದ ದೊಡ್ಡ ಡ್ರಮ್ಮನ್ನು ಎಡಕ್ಕೆ ತಿರುಗಿಸಿದೆ. ಸ್ವರ ಇನ್ನೂ ಇಳಿಯಿತು. ಹುಬ್ಬು ಇನ್ನೂ ಏರಿತು. ಅಯ್ಯೋ, ಇವಳಿಗೆ ಇನ್ನೂ ಸಾಲದೇ ಎಂದು ಮತ್ತೆ ತಿರುಗಿಸಿದೆ. ಹುಬ್ಬು ಕುಂಕುಮದ ಮಟ್ಟ ದಾಟಿತು. ಬೆವರುತ್ತಾ ಗರಗರನೆ ಎಡಕ್ಕೇ ತಿರುಗಿಸಿದೆ.

ತಿರುಪು ಮುಗಿಯಿತು. ಡ್ರಮ್ಮು ಕಂಬದಿಂದ ಕಳಚಿಕೊಂಡು, ವೇದಿಕೆಯಿಂದ ಕೆಳಕ್ಕೆ ಹಾರಿ, ಕಾರ್ಪೆಟ್ಟಿನ ಮೇಲೆ ಉರುಳಿ ಅಮ್ಮನ ಕಾಲ ಬಳಿ ಹೋಗಿ ನಿಂತಿತು.

ಜನ ಗೊಳ್ಳೆಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸುಪ್ರಜಾ ಮಾತ್ರ ಹಾಡು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿ, ಡ್ರಮ್ಮನ್ನು ಕಂಕುಳಲ್ಲಿಟ್ಟುಕೊಂಡು, ರವಿಯ ಕೈ ಹಿಡಿದು ವೇದಿಕೆ ಹತ್ತಿಯೇಬಿಟ್ಟರು.

"ಏಳೋ, ಆ ಕಡೆ ಸರ್ಕೋ."

ಡ್ರಮ್ಮನ್ನು ತಿರುಪಿಗೆ ಕೂರಿಸಿ, ಸೊಸೆಯ ಹುಬ್ಬು ನೋಡುತ್ತಾ ಬಲಕ್ಕೆ ತಿರುಗಿಸಿದರು. ಹುಬ್ಬು ನಿಧಾನಕ್ಕೆ ಇಳಿದು ಸ್ವಸ್ಥಾನ ಸೇರಿತು. ಆಮೇಲೆ ನನ್ನ ಜಾಗದಲ್ಲಿ ಕೂತು ಬಾರಿಸತೊಡಗಿದರು ನೋಡಿ! ಸಂಡಿಗೆ ತಟ್ಟಿ ತಟ್ಟಿ ಪಳಗಿದ ಕೈ, ತಾಳ ಒಂದಿಷ್ಟೂ ತಪ್ಪಲಿಲ್ಲ. ನಾನು ಎತ್ತ ಹೋಗುವುದೆಂದು ತಿಳಿಯದೆ ಹಿಂದೆ ನಿಂತಿದ್ದೆ.

"ಗುರು, ಡ್ರಮ್ಮಿನ ಚೀಲದಲ್ಲೇ ಇದೆ ನೋಡು!" ಎಂದ ರವಿ.

ಸುಮ್ಮನೆ ನಿಲ್ಲುವುದಕ್ಕಿಂತ ವಾಸಿಯೆಂದು ಗಿಲಕಿ ತೆಗೆದು ಅಲ್ಲಾಡಿಸಿದೆ. ಕೊನೆಯ ಸಾಲಿಗೆ ಬಂದಾಗ ಅಮ್ಮ ಒಂದು ಕೈಯಲ್ಲಿ ಬಾರಿಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿದರು. ಡುಂಯ್ಯ್! ಪೆಂಡಾಲಿಗೆ ಪೆಂಡಾಲೇ ಎದ್ದು ನಿಂತಿತು. ನಾನು ಇಷ್ಟು ವರ್ಷ ಕಾದಿದ್ದ ಚಪ್ಪಾಳೆ ನನ್ನ ಮೂಗಿನ ಮುಂದೆಯೇ ಅಮ್ಮನಿಗೆ ಬಿತ್ತು. ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಅಮ್ಮನ ಮುಖ ನೋಡಿ ನನ್ನ ಕಣ್ಣೂ ತುಂಬಿತು.

ಮನೆಗೆ ಬಂದ ಮೇಲೆ ಸುಪ್ರಜಾ ನನ್ನ ತಟ್ಟೆಗೆ ಎರಡು ಕಡುಬು ಹೆಚ್ಚಾಗಿಯೇ ಹಾಕಿದಳು.

"ಬೇಜಾರಾಯ್ತೇನ್ರೀ? ಒಂದ್ಮಾತು ಹೇಳ್ಲಾ? ನಿಮ್ಮ ಗಿಲಕಿ ಇತ್ತಲ್ಲ, ಒಂಚೂರೂ ತಪ್ಪಲಿಲ್ಲ. ನಿಜವಾಗ್ಲೂ ಚೆನ್ನಾಗಿತ್ತು."

ಅವಳ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು. ನಾನು ಉಬ್ಬಿಹೋದೆ.

"ಹೌದು ಕಣೋ" ಎಂದರು ಅಮ್ಮ, ತುಪ್ಪ ಬಡಿಸುತ್ತಾ. "ನಾಳೆ ರವಿ ಅಂಗಡಿಗೆ ಹೋಗ್ಬಾ. ಮಧ್ಯಮಕ್ಕೆ ಇನ್ನೊಂದು ಡ್ರಮ್ಮು ಬೇಕು ಅಂತಿದಾಳೆ ಸುಪ್ರಜಾ, ಎಲ್ಲಾದ್ರೂ ಹುಡುಕ್ಕೊಡಕ್ಕೆ ಹೇಳು. ಹಾಗೇ ಬರೋವಾಗ ನಿಂಗೂ ಇನ್ನೊಂದು ಗಿಲಕಿ ತಗೊಂಡ್ಬಿಡು. ಇನ್ನೊಂದು ಕೈ ಖಾಲಿ ಇತ್ತು ಪಾಪ, ನೋಡಕ್ಕಾಗ್ಲಿಲ್ಲ."