ದೊಡ್ಡಮ್ಮನ ಸ್ಪ್ಯಾನಿಶ್ ಸ್ನಾನ

ನಮ್ಮ ದೊಡ್ಡಮ್ಮ ಬ್ರಹ್ಮಾವರ ಬಿಟ್ಟು ಹೋದದ್ದೆಂದರೆ ಕುಂದಾಪುರದ ಸಂತೆಗೆ ಮಾತ್ರ. ಆದರೂ ಅವರು ಬಚ್ಚಲಿನಲ್ಲಿ ಮಾತಾಡುವುದು ಸ್ಪ್ಯಾನಿಶ್! ನಂಬುವುದಿಲ್ಲವೇ?

ಯಕ್ಷಗಾನ ಕಲಿಯಲು ಬಂದ ಸ್ಪೇನಿನ ಹುಡುಗಿಯೊಬ್ಬಳು ಅವರ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಅವಳು ಕುಂದಾಪ್ರ ಕನ್ನಡ ಕಲಿತು, ಗಂಜಿಗೆ ಉಪ್ಪಿನಕಾಯಿ ಕೇಳತೊಡಗಿದಳು ನೋಡಿ, ದೊಡ್ಡಮ್ಮನಿಗೆ ಹಠ ಹುಟ್ಟಿತು.

"ನಮ್ ಭಾಷಿ ಅದ್ಕ್ ಬತ್ತ್ ಅಂದ್ರೆ, ಅದ್ರ ಭಾಷಿ ನಂಗ್ ಬಪ್ಪುಕಾಗ್ದಾ?"

ಮೊದಲ ಪಾಠವೇ ತನಗೆ ತಾನೇ ಮಾಡಿಕೊಳ್ಳುವ ಕೆಲಸಗಳದ್ದು. ನಾವು 'ಕೊಳ್ಳು'ವನ್ನು ಪದದ ಕೊನೆಗೆ ಕಟ್ಟಿದರೆ ಸ್ಪೇನಿನವರು 'ಮೆ' ಎಂಬುದನ್ನು ಮೊದಲಿಗೆ ಕಟ್ಟುತ್ತಾರೆ. ಮೆ ಲೆವಾಂತೊ, ಏಳುತ್ತೇನೆ. ಮೆ ಬಾನ್ಯೊ, ಮೀಯುತ್ತೇನೆ. ಮೆ ಪೇನೊ, ತಲೆ ಬಾಚಿಕೊಳ್ಳುತ್ತೇನೆ. ನಿನಗಾದರೆ 'ತೆ', ಅವಳಿಗಾದರೆ 'ಸೆ', ಜೊತೆಗೆ ಕ್ರಿಯಾಪದದ ಬಾಲವೂ ಬದಲಾಗಬೇಕು. ದೊಡ್ಡಮ್ಮ 'ಮೆ'ಗೇ ನಿಲ್ಲಿಸಿಬಿಟ್ಟರು.

"ಬೇರೆಯವ್ರ್ ಮಿಂದ್ರಾ ಇಲ್ಯಾ ಅಂತ ನಂಗೆಂತಕ್ಕೆ?"

ಎಣ್ಣೆಸ್ನಾನದ ವಾಕ್ಯ ಬಂದಾಗಲಂತೂ ಜಗಳವೇ! "ತಲಿಗ್ ಎಣ್ಣಿ ತಾನೇ ಹಾಯ್ಕಂಬುದಾ? ಮನಿಯಂಗ್ ದೊಡ್ಡರ್ ಇಲ್ಯಾ?" ಎಂದವರೇ ಗುರುವನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ತೆಂಗಿನೆಣ್ಣೆ ತಟ್ಟಿದರು. ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಮೀನಿನವಳು ಅಂಗಳದಿಂದ "ಹ್ವಾಯ್ ಅಮ್ಮ, ಬಂಗುಡೆ ಬೇಕಾ?" ಎಂದರೆ ಬಚ್ಚಲಿನಿಂದ "ಮೆ ಬಾನ್ಯೊ!" ಎಂಬ ಗರ್ಜನೆ. ಪಾಪ, ಮೊದಮೊದಲು ಹೆದರಿದ್ದಳು. ಈಗ ಅವಳೇ "ಅಮ್ಮ ಬಾನ್ಯೊದಗಿದ್ರಾ?" ಎಂದು ಕೇಳಿ ಪಕ್ಕದ ಮನೆಗೆ ಹೋಗುತ್ತಾಳೆ.

ಕಳೆದ ಮಳೆಗಾಲದಲ್ಲಿ ಹುಡುಗಿಗೆ ಜೋರು ಜ್ವರ ಬಂತು. ಅವಳ ಅಮ್ಮ ವಿಡಿಯೊ ಕರೆ ಮಾಡಿ, ಈಗಲೇ ಹೊರಟು ಬಾ ಎಂದು ಅತ್ತಳು. ಮೊದಲ ಸಲ ಗೆಜ್ಜೆ ಕಟ್ಟಿ ರಂಗಕ್ಕೇರುವ ದಿನ ಹತ್ತಿರವಾಗಿತ್ತು, ಹುಡುಗಿಯೂ ಅತ್ತಳು. ಜ್ವರ ವಿಚಾರಿಸಲು ಹೋಗಿದ್ದ ನಾನು ಇಂಗ್ಲಿಷಿನಲ್ಲಿ ಸಮಾಧಾನ ಹೇಳಲು ಬಾಯಿ ತೆರೆದೆ. ಆ ತಾಯಿಗೆ ಇಂಗ್ಲಿಷ್ ಬಾರದು! ದೊಡ್ಡಮ್ಮ ಫೋನು ಕಿತ್ತುಕೊಂಡರು.

ನಿಮ್ಮ ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎನ್ನಲು ಅವರಿಗೆಲ್ಲಿ ಬರಬೇಕು? ಬರುವುದು ತಾನು ಏಳುವ, ಬಾಚಿಕೊಳ್ಳುವ, ಮಲಗುವ ಮಾತು ಮಾತ್ರ. "ಮೆ ಲೆವಾಂತೊ" ಎಂದು, ನಸುಕಿನಲ್ಲೇ ಎದ್ದು ಬೇಯಿಸಿದ ಗಂಜಿಯ ಬಟ್ಟಲು ತೋರಿಸಿದರು. "ಮೆ ಪೇನೊ" ಎಂದು ಹುಡುಗಿಯ ತಲೆ ಸವರಿದರು. "ಮೆ ದುಯೆರ್ಮೊ" ಎಂದು, ಅವಳ ಮಂಚದ ಪಕ್ಕದಲ್ಲಿ ತಾವು ಹಾಸಿಕೊಂಡಿದ್ದ ಚಾಪೆಯ ಕಡೆಗೆ ಫೋನು ತಿರುಗಿಸಿದರು.

ಅತ್ತಲಿನ ಅಳು ನಿಂತಿತು. ಆ ತಾಯಿ ಏನೋ ಕೇಳಿದಳು. "ಹೆಸ್ರ್ ಕೇಂತ್ರ್" ಎಂದಳು ಹುಡುಗಿ.

"ಮೆ ಯಾಮೊ ದೊಡ್ಡಮ್ಮ."

ಆ ತಾಯಿ ಕಷ್ಟಪಟ್ಟು "ದೊದ್ದಮ್ಮಾ" ಎಂದು ಕರೆದಳು. ಮತ್ತೆ ಮಗಳಿಗೆ ಏನೋ ಹೇಳಿದಳು. ಹುಡುಗಿ ಅಳುತ್ತಲೇ ನಕ್ಕು ನನ್ನ ಕಡೆ ತಿರುಗಿದಳು.

"ಈಗ ಬಪ್ಪುದ್ ಬ್ಯಾಡ ಅಂದ್ರ್. ದೊಡ್ಡಮ್ಮ ಇದ್ರಲೆ ಅಂದ್ರ್."